ಅಗ್ಗದ ಟಿಕೆಟ್: ಉಳಿತಾಯ ಯಾರದು?

ಸಿನಿಮಾ ಟಿಕೆಟ್ಟಿನ ಬೆಲೆಯ ಮಾತು ಬಂದಾಗಲೆಲ್ಲ ನಮ್ಮ ಕಣ್ಣ ಮುಂದೆ ನಿಲ್ಲುವುದು ಬೆಂಗಳೂರಿನ ಮಾಲ್‌ಗಳು. ದೊಡ್ಡ ಚಿತ್ರವೊಂದು ತೆರೆಕಂಡ ದಿನ ಅಲ್ಲಿ ಒಂದು ಸೀಟಿಗೆ ಸಾವಿರ ರೂಪಾಯಿ ದಾಟಿತಂತೆ ಎಂಬುದು ಸುದ್ದಿಯಾಗುತ್ತದೆ, ಸರ್ಕಾರ ಎಚ್ಚೆತ್ತುಕೊಳ್ಳುತ್ತದೆ, ಆದೇಶ ಹೊರಡುತ್ತದೆ. 2025ರ ಮಾರ್ಚ್ ಬಜೆಟ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ರಾಜ್ಯದಾದ್ಯಂತ ಟಿಕೆಟ್ ದರ 200 ರೂಪಾಯಿ ಮೀರಬಾರದೆಂದು ಘೋಷಿಸಿದ್ದು ಹೀಗೆಯೇ. ಅದೇ ವರ್ಷ ಸೆಪ್ಟೆಂಬರ್ 12ರಂದು ಅಧಿಸೂಚನೆಯೂ ಬಂತು. 75 ಅಥವಾ ಅದಕ್ಕಿಂತ ಕಡಿಮೆ ಸೀಟುಗಳಿರುವ ಐಷಾರಾಮಿ ಪರದೆಗಳಿಗೆ ವಿನಾಯಿತಿ, ಉಳಿದೆಲ್ಲೆಡೆ ತೆರಿಗೆ ಬಿಟ್ಟು 200 ರೂಪಾಯಿ. ಬಡವರ ಪರವಾದ ಆದೇಶವೆಂದು ಪತ್ರಿಕೆಗಳು ಬರೆದವು. ಈ ಆದೇಶವನ್ನು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಕಡೆಯಿಂದ ಓದಿದರೆ ಅದರ ಅರ್ಥವೇನು?

ಒಂದು ಸಣ್ಣ ಲೆಕ್ಕ ಹಾಕೋಣ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಟಿಕೆಟ್ಟಿಗೆ 200ರಂತೆ 800 ರೂಪಾಯಿ. 100 ರೂಪಾಯಿ ಮೀರಿದ ಟಿಕೆಟ್ಟಿಗೆ ಶೇಕಡಾ 18 ಜಿಎಸ್‌ಟಿ ಇರುವುದರಿಂದ ಒಟ್ಟು 944 ರೂಪಾಯಿ. 2025-26ರಲ್ಲಿ ಉದ್ಯೋಗ ಖಾತರಿಯಡಿ ಕರ್ನಾಟಕಕ್ಕೆ ನಿಗದಿಯಾಗಿದ್ದ ದಿನಗೂಲಿ 370 ರೂಪಾಯಿ. ಅಂದರೆ ಒಂದು ಸಿನಿಮಾಕ್ಕೆ ಎರಡೂವರೆ ದಿನದ ದುಡಿಮೆ. ಇದರಲ್ಲಿ ದಾರಿಯ ಖರ್ಚು ಸೇರಿಲ್ಲ. ಕೊರಟಗೆರೆಯಿಂದ ತುಮಕೂರು ಹತ್ತಿರ, ಮಧುಗಿರಿ ಶಿರಾಗಳಿಂದ ಒಂದು ಗಂಟೆಯ ದಾರಿ. ಪಾವಗಡದಿಂದಾದರೋ ಸುಮಾರು ನೂರು ಕಿಲೋಮೀಟರು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳ ಬಸ್ ಚಾರ್ಜು ಉಳಿಯಿತೆಂದೇ ಇಟ್ಟುಕೊಳ್ಳಿ, ಗಂಡಸಿನ ಚಾರ್ಜು, ಹೋಟೆಲ್ಲಿನ ಊಟ, ಹೋದ ದಿನದ ಕೂಲಿ ಇವನ್ನು ಉಳಿಸುವವರು ಯಾರು? ಬಯಲುಸೀಮೆಯ ಈ ತಾಲೂಕುಗಳಲ್ಲಿ ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಹೋಗುವ ಜನ ಸಿನಿಮಾ ನೋಡಲು ಹೋಗುವುದಿಲ್ಲ, ಗಾರೆ ಕೆಲಸಕ್ಕೆ ಹೋಗುತ್ತಾರೆ.

ಸರ್ಕಾರದ 200 ರೂಪಾಯಿಯಾದರೂ ನಿಂತಿತೇ ಎಂದರೆ ಅದೂ ಇಲ್ಲ. 2017ರಲ್ಲಿಯೂ ಇಂಥದ್ದೇ ಘೋಷಣೆಯಾಗಿತ್ತು. 'ಬಾಹುಬಲಿ-2' ಏಪ್ರಿಲ್ 28ರಂದು ತೆರೆಕಂಡಿತು, ಆದೇಶ ಬಂದದ್ದು ಮೇ ತಿಂಗಳಲ್ಲಿ! ಅದು ನ್ಯಾಯಾಲಯದ ಮೆಟ್ಟಿಲೇರಿತು, ಬಾಳಲಿಲ್ಲ. 2025ರ ಆದೇಶಕ್ಕೂ ಸೆಪ್ಟೆಂಬರ್ 23ರಂದು ಹೈಕೋರ್ಟಿನ ಏಕಸದಸ್ಯ ಪೀಠ ತಡೆ ನೀಡಿತು. ಸರ್ಕಾರ ಕೊನೆಗೆ ಗೆದ್ದರೆ ಹೆಚ್ಚುವರಿ ಹಣವನ್ನು ಪ್ರೇಕ್ಷಕರಿಗೆ ಮರಳಿಸಲು ಅನುಕೂಲವಾಗುವಂತೆ ಮಾರಿದ ಪ್ರತಿ ಟಿಕೆಟ್ಟಿನ ಲೆಕ್ಕವಿಡಿ ಎಂದು ವಿಭಾಗೀಯ ಪೀಠ ಮಲ್ಟಿಪ್ಲೆಕ್ಸ್‌ಗಳಿಗೆ ಹೇಳಿತು. ನವೆಂಬರ್ 3ರಂದು ಸುಪ್ರೀಂ ಕೋರ್ಟ್ ಆ ಷರತ್ತುಗಳನ್ನು ತಡೆಹಿಡಿಯಿತು. ಹಾಗೆ ಮಾಡುವಾಗಲೇ ನ್ಯಾಯಪೀಠ, ನೀರಿಗೂ ಕಾಫಿಗೂ ಈ ಪರಿ ಬೆಲೆ ಕೇಳಿದರೆ ಚಿತ್ರಮಂದಿರಗಳು ಖಾಲಿಯಾದಾವು ಎಂಬ ಅರ್ಥದ ಮಾತನ್ನೂ ಆಡಿತು. ಮಾತು ಪ್ರೇಕ್ಷಕನಿಗೆ ಸಿಕ್ಕಿತು, ತಡೆ ಮಾಲೀಕನಿಗೆ ಸಿಕ್ಕಿತು.

ಇನ್ನು ಉದ್ಯಮವೇ ಕಲಿಸಿಕೊಡುವ ಉಳಿತಾಯದ ಉಪಾಯಗಳಿವೆ. ಬ್ಯಾಂಕಿನ ಕಾರ್ಡಿಗೆ ರಿಯಾಯಿತಿ, ಬೆಳಗಿನ ಆಟಕ್ಕೆ ಕಡಿಮೆ ದರ, ವರ್ಷಕ್ಕೊಮ್ಮೆ 'ರಾಷ್ಟ್ರೀಯ ಸಿನಿಮಾ ದಿನ'. ಈ ದಿನದ ಟಿಕೆಟ್ 2022ರಲ್ಲಿ 75 ರೂಪಾಯಿ, 2023 ಮತ್ತು 2024ರಲ್ಲಿ 99 ರೂಪಾಯಿ ಇತ್ತು. 2023ರಲ್ಲಿ ಪಿವಿಆರ್ ಐನಾಕ್ಸ್ ಸಂಸ್ಥೆ 699 ರೂಪಾಯಿಗೆ ತಿಂಗಳಿಗೆ ಹತ್ತು ಸಿನಿಮಾ ಎಂಬ ಯೋಜನೆ ತಂದಿತು, ಆದರೆ ಸೋಮವಾರದಿಂದ ಗುರುವಾರದವರೆಗೆ ಮಾತ್ರ. ಈ ಉಪಾಯಗಳು ಸುಳ್ಳೆಂದು ಯಾರೂ ಹೇಳುವುದಿಲ್ಲ. ಕಾರ್ಡು ಇರುವವನಿಗೆ, ವಾರದ ನಡುವೆ ಬಿಡುವಿರುವವನಿಗೆ, ಮಲ್ಟಿಪ್ಲೆಕ್ಸಿನ ಪಕ್ಕದಲ್ಲೇ ಮನೆಯಿರುವವನಿಗೆ ಅವು ಹಣ ಉಳಿಸಿಕೊಡುತ್ತವೆ. ಉಳಿತಾಯದ ಅಗತ್ಯ ಯಾರಿಗೆ ಹೆಚ್ಚೋ ಅವರಿಗೇ ಅದು ಎಟಕುವುದಿಲ್ಲ ಎಂಬುದಷ್ಟೇ ತಕರಾರು.

ಹಿಂದೆ ಹೀಗಿರಲಿಲ್ಲ. ಟೂರಿಂಗ್ ಟಾಕೀಸಿನ ಕಾಲದಲ್ಲಿ ಉಳಿತಾಯವೆನ್ನುವುದು ಕೂರುವ ಜಾಗದಲ್ಲೇ ಇತ್ತು. ನೆಲ, ಬೆಂಚು, ಕುರ್ಚಿ. ಪಟ್ಟಣದ ಕಾಯಂ ಚಿತ್ರಮಂದಿರದಲ್ಲಿ ಗಾಂಧಿ ಕ್ಲಾಸು, ಸೆಕೆಂಡ್ ಕ್ಲಾಸು, ಬಾಲ್ಕನಿ. ಜೇಬಿನಲ್ಲಿ ಎಷ್ಟಿದೆಯೋ ಅಷ್ಟಕ್ಕೆ ಒಂದು ಜಾಗ ಸಿಗುತ್ತಿತ್ತು. ನೋಡುತ್ತಿದ್ದ ಚಿತ್ರ ಮಾತ್ರ ಎಲ್ಲರಿಗೂ ಒಂದೇ. ಟೆಂಟಿನ ಮೈಕಿನಿಂದ ಘಂಟಸಾಲರ 'ನಮೋ ವೆಂಕಟೇಶ' ಕೇಳಿಬಂದರೆ ಟಿಕೆಟ್ ಕೊಡಲು ಶುರುವಾಯಿತೆಂದು ಅರ್ಥ. ಮಗ್ರಿಬ್ ನಮಾಜು ಮುಗಿಸಿ ಹೊರಟವರಿಗೂ ದೇವಸ್ಥಾನದ ಕಟ್ಟೆಯಿಂದ ಎದ್ದವರಿಗೂ ಅದೊಂದೇ ಗಡಿಯಾರ. ಹೆಂಗಸರಿಗೆ ಒಂದು ಬದಿ ಬೇರೆಯಾಗಿರುತ್ತಿದ್ದುದರಿಂದ ಮನೆಯ ಹಿರಿಯರ ಒಪ್ಪಿಗೆಯೂ ಸುಲಭವಾಗಿ ಸಿಗುತ್ತಿತ್ತು.

ಆ ಕಾಲವನ್ನು ಹೊಗಳಿ ಮುಗಿಸಿಬಿಡುವುದೂ ಸರಿಯಲ್ಲ. ನೆಲದಲ್ಲಿ ಕೂತವನಿಗೆ ಬೀಡಿ ಹೊಗೆ ತಪ್ಪುತ್ತಿರಲಿಲ್ಲ. ಅಗ್ಗದ ಟಿಕೆಟ್ಟಿಗೆ ಇನ್ನೊಂದು ಬೆಲೆಯನ್ನೂ ತೆರಬೇಕಿತ್ತು, ಅದು ಕಾಯುವಿಕೆ. ಬೆಂಗಳೂರಿನಲ್ಲಿ ನೂರು ದಿನ ಓಡಿದ ಚಿತ್ರದ ರೀಲು ಗೀಚುಬಿದ್ದು, ತುಂಡಾಗಿ, ತಿಂಗಳುಗಳ ನಂತರ ನಮ್ಮ ಕಡೆಗೆ ಬರುತ್ತಿತ್ತು. ಡಿಜಿಟಲ್ ಪ್ರದರ್ಶನ ಬಂದ ಮೇಲೆ ಆ ಕಾಯುವಿಕೆ ತಪ್ಪಿತು. ಬಿಡುಗಡೆಯ ದಿನವೇ ತಾಲೂಕು ಪಟ್ಟಣದಲ್ಲೂ ಚಿತ್ರ ತೋರಿಸಬಹುದಾದ ಕಾಲ ಬಂತು. ದುರಂತವೆಂದರೆ, ಚಿತ್ರ ಹಳ್ಳಿಯ ಬಾಗಿಲಿಗೆ ಬರಲು ಸಾಧ್ಯವಾದ ಹೊತ್ತಿನಲ್ಲೇ ಏಕಪರದೆಯ ಚಿತ್ರಮಂದಿರಗಳು ನಾಡಿನುದ್ದಕ್ಕೂ ಒಂದೊಂದಾಗಿ ಗೋದಾಮು, ಕಲ್ಯಾಣಮಂಟಪಗಳಾಗತೊಡಗಿದವು.

ಹಾಗಾದರೆ ಬೆಲೆಯನ್ನು ಇನ್ನಷ್ಟು ಇಳಿಸಿದರೆ ಸಾಕೇ? ಇದಕ್ಕೆ ಉತ್ತರ ಪಾವಗಡದ ಗಡಿಯಾಚೆಯೇ ಇದೆ. ಈ ತಾಲೂಕನ್ನು ಬಹುಪಾಲು ಸುತ್ತುವರಿದಿರುವ ಆಂಧ್ರದಲ್ಲಿ 2021ರ ಏಪ್ರಿಲ್‌ನಲ್ಲಿ ಸರ್ಕಾರ ಊರಿನ ದರ್ಜೆ ನೋಡಿ ದರ ನಿಗದಿ ಮಾಡಿತು. ನಗರಕ್ಕೆ ಒಂದು, ಪುರಸಭೆಗೆ ಒಂದು, ಗ್ರಾಮ ಪಂಚಾಯಿತಿಗೆ ಇನ್ನೊಂದು. ಹಳ್ಳಿಯ ಹವಾನಿಯಂತ್ರಣವಿಲ್ಲದ ಚಿತ್ರಮಂದಿರದಲ್ಲಿ ಕೆಳಗಿನ ದರ್ಜೆಗೆ ಐದು ರೂಪಾಯಿ! ಕೇಳಲು ಇಂಪಾದ ಮಾತು. ಆದರೆ ಐದು ರೂಪಾಯಿಯಲ್ಲಿ ಕರೆಂಟಿನ ಬಿಲ್ಲೂ ಹುಟ್ಟುವುದಿಲ್ಲವೆಂದು ಮಾಲೀಕರು ಕೈಚೆಲ್ಲಿದರು, ಹಲವರು ಬಾಗಿಲು ಹಾಕಿದರು. 2022ರ ಮಾರ್ಚ್‌ನಲ್ಲಿ ಸರ್ಕಾರವೇ ದರವನ್ನು 20ರಿಂದ 250 ರೂಪಾಯಿವರೆಗೆ ಪರಿಷ್ಕರಿಸಿತು. ಊರಿಗೆ ತಕ್ಕ ದರ ಎಂಬ ತತ್ವ ಸರಿಯಾಗಿತ್ತು, ಚಿತ್ರಮಂದಿರ ಬದುಕಬೇಕೆಂಬ ಲೆಕ್ಕ ಮಾತ್ರ ತಪ್ಪಿತ್ತು. ನಮ್ಮಲ್ಲಿ ತತ್ವವೇ ಇಲ್ಲ. ಬೆಂಗಳೂರಿನ ಮಾಲಿಗೂ ಮಧುಗಿರಿಯ ಟಾಕೀಸಿಗೂ ಒಂದೇ 200 ರೂಪಾಯಿ. ಮಾಲಿನವನಿಗೆ ಅದು ನಷ್ಟ, ಮಧುಗಿರಿಯವನಿಗೆ ಅದು ಸಂಬಂಧವೇ ಇಲ್ಲದ ಅಂಕಿ.

ತೆರಿಗೆಯ ವಿಷಯದಲ್ಲಿ ಮಾತ್ರ ಒಂದು ಒಳ್ಳೆಯ ಹೆಜ್ಜೆ ಬಿದ್ದಿದೆ. 2017ರವರೆಗೆ ಕನ್ನಡ ಚಿತ್ರಗಳಿಗೆ ಇದ್ದ ಮನರಂಜನಾ ತೆರಿಗೆ ವಿನಾಯಿತಿ ಜಿಎಸ್‌ಟಿಯೊಂದಿಗೆ ಹೋಗಿತ್ತು. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್ಟಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಇದರ ಲಾಭ ಸಿಗುವುದು ಸಣ್ಣ ಊರಿನ ಚಿತ್ರಮಂದಿರಕ್ಕೆ. ಮೇಲೆ ಹೇಳಿದ ಅದೇ ಸಂಸಾರ ತನ್ನ ಊರಲ್ಲೇ 100 ರೂಪಾಯಿಯ ಟಿಕೆಟ್ ಕೊಂಡರೆ ಒಟ್ಟು 420 ರೂಪಾಯಿ. ಬಸ್ ಇಲ್ಲ, ಹೋಟೆಲ್ ಇಲ್ಲ, ಆಟ ಬಿಟ್ಟ ಮೇಲೆ ನಡೆದೇ ಮನೆಗೆ. ಯಾವ ಕಾರ್ಡಿನ ರಿಯಾಯಿತಿಯೂ ಇಷ್ಟು ಉಳಿಸಿಕೊಡಲಾರದು.

ಮೊಬೈಲಿನಲ್ಲೇ ಎಲ್ಲ ಸಿಗುವಾಗ ಚಿತ್ರಮಂದಿರವೇಕೆ ಎಂದು ಕೇಳುವವರಿದ್ದಾರೆ. ಮೊಬೈಲಿನಲ್ಲಿ ಪ್ರತಿಯೊಬ್ಬನೂ ತನ್ನ ಓಣಿಯ, ತನ್ನವರ ವಿಡಿಯೋಗಳನ್ನಷ್ಟೇ ನೋಡುತ್ತಾನೆ. ಒಂದೇ ಹಾಸ್ಯಕ್ಕೆ ಊರಿನ ಎಲ್ಲ ಕೇರಿಗಳೂ ಒಟ್ಟಿಗೆ ನಗುವ ಜಾಗಗಳು ತಾಲೂಕು ಪಟ್ಟಣಗಳಲ್ಲಿ ಎಷ್ಟಿವೆ? ಜಾತ್ರೆ ಉರುಸುಗಳಲ್ಲಿಯೇ ಅಂಗಡಿ ಹಾಕುವವನ ಹೆಸರು ಕೇಳುವ ಈ ದಿನಗಳಲ್ಲಿ, ಪಕ್ಕದ ಸೀಟಿನವನ ಹೆಸರು ಕೇಳದ ಕತ್ತಲೆಯೊಂದು ಉಳಿದರೆ ಅದು ಸಣ್ಣ ಲಾಭವಲ್ಲ.

ಆದ್ದರಿಂದ ಸರ್ಕಾರವನ್ನು ಕೇಳಬೇಕಾದದ್ದು ಗರಿಷ್ಠ ದರ ಎಷ್ಟು ಎಂದಲ್ಲ. ನೂರು ರೂಪಾಯಿಯೊಳಗೆ ಟಿಕೆಟ್ ಮಾರುವ ತಾಲೂಕಿನ ಚಿತ್ರಮಂದಿರಕ್ಕೆ ವಿದ್ಯುತ್ ದರದಲ್ಲಿ, ಪರವಾನಗಿ ಶುಲ್ಕದಲ್ಲಿ, ದುರಸ್ತಿಯ ಸಾಲದಲ್ಲಿ ಏನು ನೆರವು ಕೊಡುತ್ತೀರಿ ಎಂದು. ಪಾವಗಡದವನಿಗೆ ಬೇಕಿರುವುದು ಬೆಂಗಳೂರಿನ ಸೀಟಿನ ಮೇಲೆ ರಿಯಾಯಿತಿಯಲ್ಲ, ಪಾವಗಡದಲ್ಲೇ ಒಂದು ಸೀಟು.