ಅಜಂತಾಕ್ಕೂ ಮುಂಚಿನ ಅಮೃತಾ

ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಎಂದೊಡನೆ ನಮಗೆ ನೆನಪಾಗುವುದು ಅಜಂತಾ ಗುಹೆಗಳ ಚಿತ್ರಗಳು, ತಲೆ ತಗ್ಗಿಸಿ ಕೂತ ಹೆಂಗಸರು, ಕೆಮ್ಮಣ್ಣಿನ ಬಣ್ಣ. ಅದಕ್ಕೆ ಮೊದಲು ಪ್ಯಾರಿಸ್ಸಿನಲ್ಲಿ ಬರೆದ ಭಾವಚಿತ್ರಗಳನ್ನು ವಿದ್ಯಾರ್ಥಿದೆಸೆಯ ಕೈಪಳಗಿಕೆ ಎಂದು ಬದಿಗಿಡುವುದು ರೂಢಿ. ಈ ರೂಢಿಯನ್ನು ನಾನು ಒಪ್ಪಲಾರೆ.

1929ರಲ್ಲಿ ಪ್ಯಾರಿಸ್ಸಿಗೆ ಹೋದಾಗ ಆಕೆಗೆ ಹದಿನಾರು. ಮುಂದೆ ಅಲ್ಲಿನ ಕಲಾಶಾಲೆ ಎಕೋಲ್ ದೆ ಬೋಜಾರ್‌ನಲ್ಲಿ ಲೂಸಿಯೆನ್ ಸಿಮೋನ್ ಗುರುವಾದರು. ಜೀವಂತ ರೂಪದರ್ಶಿಯನ್ನು ಎದುರಿಗೆ ಕೂರಿಸಿಕೊಂಡು ಬರೆಯುವ ಪಾಠವನ್ನು ಅದಕ್ಕೂ ಮೊದಲೇ ಹೇಳಿಕೊಟ್ಟಿದ್ದವರು ಸೋದರಮಾವ ಎರ್ವಿನ್ ಬಾಕ್ತೈ. ಇನ್ನೊಂದು ಪ್ರಭಾವ ಮನೆಯೊಳಗೇ ಇತ್ತು. ತಂದೆ ಉಮ್ರಾವ್ ಸಿಂಗ್ ಸಂಸ್ಕೃತ, ಪಾರಸಿ ಬಲ್ಲ ವಿದ್ವಾಂಸ. ಜೊತೆಗೆ ತನ್ನನ್ನೂ ಮನೆಯವರನ್ನೂ ದಣಿಯದೆ ಕ್ಯಾಮೆರಾದಲ್ಲಿ ಹಿಡಿದವರು. ಚಿತ್ರಕ್ಕೆ ಕೂತವರ ಮೈಯೊಳಗೆ ಏನಾಗುತ್ತದೆ ಎಂಬುದನ್ನು ಮಗಳು ಕುಂಚ ಹಿಡಿಯುವ ಮುಂಚೆಯೇ ಅನುಭವದಿಂದ ಅರಿತಿದ್ದಳು ಎಂದು ನನ್ನ ನಂಬಿಕೆ.

1932ರ ‘ಯಂಗ್ ಗರ್ಲ್ಸ್’ ನೋಡಿ. ಇಬ್ಬರು ಹುಡುಗಿಯರು: ಒಬ್ಬಳು ಆಕೆಯ ತಂಗಿ ಇಂದಿರಾ, ಇನ್ನೊಬ್ಬಳು ಫ್ರೆಂಚ್ ಗೆಳತಿ. ತಂಗಿಯದು ಅಚ್ಚುಕಟ್ಟಾದ ಉಡುಗೆ, ಅಳುಕಿಲ್ಲದ ಭಂಗಿ. ಗೆಳತಿಯ ಉಡುಪು ಜಾರಿದೆ, ಬಿಚ್ಚಿದ ಹೊಂಗೂದಲು ಮುಖವನ್ನೇ ಮರೆಮಾಡಿದೆ. ಭಾವಚಿತ್ರದಲ್ಲಿ ಮುಖವನ್ನೇ ಮುಚ್ಚುವ ಧೈರ್ಯ ಹತ್ತೊಂಬತ್ತರ ವಯಸ್ಸಿಗೆ! ಅಕ್ಕಪಕ್ಕ ಕೂತೂ ಇಬ್ಬರೂ ತಂತಮ್ಮ ಲೋಕದಲ್ಲಿದ್ದಾರೆ. ಪ್ಯಾರಿಸ್ಸಿನ ಸಲೋನ್ ಕಲಾಪ್ರದರ್ಶನ ಮರುವರ್ಷ ಇದಕ್ಕೆ ಮನ್ನಣೆ ಕೊಟ್ಟಿತು. 1932ರದೇ ಆದ ‘ಸೇಬು ಹಿಡಿದ ತರುಣ’ದಲ್ಲಿ ಫ್ರೆಂಚ್ ಚಿತ್ರಕಾರ ಸೆಜಾನ್‌ನ ಛಾಯೆ ಇದೆ, ಹಣ್ಣಿನಲ್ಲಷ್ಟೇ ಅಲ್ಲ, ಮೈಯನ್ನು ಬಣ್ಣದ ತುಂಡುಗಳಿಂದ ಕಟ್ಟುವ ಬಗೆಯಲ್ಲೂ.

ಇನ್ನೊಬ್ಬ ಫ್ರೆಂಚ್ ಚಿತ್ರಕಾರ ಗೊಗಾಂನ ಚಿತ್ರಗಳ ಜೊತೆಗಿನ ನಂಟು ಇದಕ್ಕಿಂತ ತೊಡಕಿನದು. 1934ರಲ್ಲಿ ಆಕೆ ತನ್ನನ್ನೇ ತಾಹಿತಿಯ ಹೆಣ್ಣಾಗಿ ಬರೆದುಕೊಂಡಳು. ಗೊಗಾಂ ತಾಹಿತಿಗೆ ಹೋಗಿ ಅಲ್ಲಿನ ಹೆಂಗಸರನ್ನು ನೋಡಿ ಬರೆದವನು. ಅವರು ಅವನನ್ನು ಹೇಗೆ ಕಂಡರೋ ಆ ಚಿತ್ರಗಳು ಹೇಳುವುದಿಲ್ಲ. ಅಮೃತಾ ನೋಡುವವಳೂ ತಾನೇ, ನೋಡಿಸಿಕೊಳ್ಳುವವಳೂ ತಾನೇ ಆದಳು. ಬರಿಮೈಯಲ್ಲಿ ನಿಂತಿದ್ದಾಳೆ, ಹಿಂದೆ ಗಂಡಸೊಬ್ಬನ ನೆರಳು ಬಿದ್ದಿದೆ, ಆದರೆ ಕಣ್ಣು ನಮ್ಮತ್ತಲೂ ಇಲ್ಲ, ಅವನತ್ತಲೂ ಇಲ್ಲ. ಗೊಗಾಂನಿಂದ ಪಡೆದದ್ದನ್ನು ಅವನಿಗೇ ಪ್ರಶ್ನೆಯಾಗಿ ಹಿಂತಿರುಗಿಸಿದ ಈ ಚಿತ್ರ ನನಗೆ ಆಕೆಯ ಪ್ಯಾರಿಸ್ ದಿನಗಳ ಶಿಖರ.

ಆ ವರ್ಷದ ಕೊನೆಗೆ ಭಾರತಕ್ಕೆ ಮರಳಿದಳು. ‘ಮೂವರು ಹುಡುಗಿಯರು’ ಚಿತ್ರ ಬರೆದದ್ದು 1935ರಲ್ಲಿ. ಮೂವರೂ ಒತ್ತಾಗಿ ಕೂತಿದ್ದಾರೆ, ಯಾರೂ ಯಾರನ್ನೂ ನೋಡುತ್ತಿಲ್ಲ. ಆ ಮೌನಕ್ಕೆ ಅಜಂತಾ ಕಾರಣವೆಂದು ಹೇಳುವುದನ್ನು ಕೇಳಿದ್ದೇನೆ. ಆದರೆ ಆಕೆ ಅಜಂತಾ ಗುಹೆಗಳನ್ನು ನೋಡಿದ್ದು 1936ರ ಕೊನೆಯಲ್ಲಿ! ಆ ಮೌನ ಪ್ಯಾರಿಸ್ಸಿನ ಕೋಣೆಯಲ್ಲಿ ತಂಗಿ ಮತ್ತು ಗೆಳತಿಯ ನಡುವೆ ಆಗಲೇ ಕೂತಿತ್ತು. ಅಜಂತಾ ಕೊಟ್ಟದ್ದು ಬೇರೆ: ಗುಂಪನ್ನು ಜೋಡಿಸುವ ಲಯ, ಬೇಡದ ವಿವರಗಳನ್ನು ಕಳಚುವ ಬಗೆ. 1937ರ ‘ಮದುಮಗಳ ಸಿಂಗಾರ’, ‘ಬ್ರಹ್ಮಚಾರಿಗಳು’ ಚಿತ್ರಗಳಲ್ಲಿ ಅದನ್ನು ಕಾಣಬಹುದು.