ಬಡಿಸಲು ಹೊರಟ ಅತಿಥಿ

ದೇವರೊಡನೆ ಜಗಳವಾಡುವ ಕಾವ್ಯ ಕನ್ನಡದ ಓದುಗರಿಗೆ ಹೊಸದಲ್ಲ. ದಾಸರ ನಿಂದಾಸ್ತುತಿಗಳನ್ನು ಕೇಳಿಯೇ ಬೆಳೆದವರು ನಾವು. ಹಾಗಿದ್ದರೂ ಇಂಗ್ಲಿಷ್ ಕವಿ ಜಾರ್ಜ್ ಹರ್ಬರ್ಟ್ (1593–1633) ನಮ್ಮನ್ನು ತಡೆದು ನಿಲ್ಲಿಸುತ್ತಾನೆ. ಅವನು ಸಿಟ್ಟನ್ನು ಮಾತ್ರವಲ್ಲ, ತನ್ನ ವಿನಯವನ್ನೂ ಅನುಮಾನದಿಂದ ನೋಡುತ್ತಾನೆ.

ಕೇಂಬ್ರಿಜ್ ವಿಶ್ವವಿದ್ಯಾಲಯದ ಅಧಿಕೃತ ವಾಗ್ಮಿಯಾಗಿದ್ದವನಿಗೆ ಅರಮನೆಯ ಬಾಗಿಲು ದೂರವಿರಲಿಲ್ಲ. ಆದರೆ 1630ರಲ್ಲಿ ಅವನು ಸೇರಿದ್ದು ಸಾಲ್ಸ್‌ಬರಿ ಬಳಿಯ ಬೆಮರ್ಟನ್ ಎಂಬ ಹಳ್ಳಿಯ ಚರ್ಚನ್ನು. ಮೂರು ವರ್ಷಕ್ಕೇ ಕ್ಷಯದಿಂದ ತೀರಿಕೊಂಡ. ಅವನ ಕವಿತೆಗಳು ‘ದಿ ಟೆಂಪಲ್’ ಎಂಬ ಹೆಸರಿನಲ್ಲಿ ಅಚ್ಚಾದದ್ದು ಆಮೇಲೆ.

ಅದರಲ್ಲಿನ ‘ದಿ ಕಾಲರ್’ 36 ಸಾಲಿನ ಕವಿತೆ. ಮೊದಲ 32 ಸಾಲುಗಳಲ್ಲಿ ಸಿಟ್ಟಿಗೆದ್ದ ಪಾದ್ರಿಯೊಬ್ಬ ಲೆಕ್ಕ ಕೇಳುತ್ತಾನೆ: ಇಷ್ಟು ದಿನದ ಚಾಕರಿಗೆ ದಕ್ಕಿದ್ದೇನು? ಸಾಲುಗಳ ಉದ್ದ ಏರುಪೇರು, ಪ್ರಾಸ ಚೆಲ್ಲಾಪಿಲ್ಲಿ. ಕೊನೆಯ ನಾಲ್ಕು ಸಾಲಿನಲ್ಲಿ ಮಗುವನ್ನು ಕರೆದಂತೆ ಯಾರೋ ಅವನನ್ನು ಕರೆಯುತ್ತಾರೆ. ಅವನು ಓಗೊಡುತ್ತಾನೆ, ಪ್ರಾಸವೂ ಕ್ರಮಕ್ಕೆ ಬರುತ್ತದೆ. ಈ ಮುಕ್ತಾಯ ತೀರ ಸಲೀಸಾಯಿತು ಎಂದು ಆಕ್ಷೇಪಿಸಬಹುದು. ಆದರೆ ಆ ದನಿ ಒಂದು ಪ್ರಶ್ನೆಗೂ ಉತ್ತರಿಸುವುದಿಲ್ಲ ಎಂಬುದನ್ನು ಗಮನಿಸಬೇಕು. ತನ್ನನ್ನು ಆಳೆಂದು ಎಣಿಸಿ ಕೂಲಿ ಕೇಳಿದವನು ಮನೆಯ ಮಗುವೆಂದು ಕರೆಸಿಕೊಳ್ಳುತ್ತಾನೆ, ಅಷ್ಟೇ. ಕೇಳಿದ ಲೆಕ್ಕ ಹಾಗೇ ಉಳಿಯುತ್ತದೆ.

‘ಲವ್’ ಎಂಬ ಹೆಸರಿನ ಮೂರನೆಯ ಕವಿತೆ ಇನ್ನೂ ಆಳಕ್ಕೆ ಹೋಗುತ್ತದೆ. ಇಲ್ಲಿ ಪ್ರೀತಿಯೇ ಮನೆಯ ಯಜಮಾನ. ಊಟಕ್ಕೆ ಬಂದವನು ತಾನು ಅಯೋಗ್ಯನೆಂದು ಬಾಗಿಲಲ್ಲೇ ಹಿಂಜರಿಯುತ್ತಾನೆ. ಅವನ ಒಂದೊಂದು ನೆಪಕ್ಕೂ ಯಜಮಾನನಲ್ಲಿ ಮೃದುವಾದ ಉತ್ತರವಿದೆ. ಕಡೆಗೆ ಅತಿಥಿ, ಹಾಗಾದರೆ ನಾನೇ ಬಡಿಸುತ್ತೇನೆ ಎನ್ನುತ್ತಾನೆ. ಕೇಳಲು ಎಷ್ಟು ವಿನಯದ ಮಾತು! ಆದರೆ ಬಡಿಸುವವನಿಗೆ ಋಣ ತೀರಿಸಿದ ಸಮಾಧಾನವಿರುತ್ತದೆ. ಎಲೆಯ ಮುಂದೆ ಕೂತವನಿಗೆ ಅದೂ ಇಲ್ಲ. ಯಜಮಾನ ಒಪ್ಪುವುದಿಲ್ಲ. ಅತಿಥಿ ಕೂತು ಉಣ್ಣುತ್ತಾನೆ, ಕವಿತೆ ಮುಗಿಯುತ್ತದೆ. ‘ನಾನು ಅಯೋಗ್ಯ’ ಎಂಬ ಮಾತಿನಲ್ಲೂ ‘ನಾನು’ ಎಷ್ಟು ಭದ್ರವಾಗಿ ಕೂತಿರುತ್ತದೆ ಎಂಬುದನ್ನು 18 ಸಾಲಿನಲ್ಲಿ ಹೀಗೆ ಬಿಚ್ಚಿ ತೋರಿಸಿದ ಕವಿತೆಗಳು ವಿರಳ.

ಫ್ರೆಂಚ್ ಚಿಂತಕಿ ಸಿಮೋನ್ ವೇಲ್ ಯಹೂದಿ ಕುಟುಂಬದವರು. 1938ರಲ್ಲಿ ಸೊಲೆಮ್ ಮಠದಲ್ಲಿದ್ದಾಗ ಒಬ್ಬ ಇಂಗ್ಲಿಷ್ ತರುಣನಿಂದ ಈ ಕಾಲದ ಇಂಗ್ಲಿಷ್ ಕವಿಗಳ ಪರಿಚಯವಾಗಿ, ಈ ಕವಿತೆಯನ್ನು ಬಾಯಿಪಾಠ ಮಾಡಿಕೊಂಡರು. ತಲೆನೋವು ತಾಳಲಾರದಷ್ಟಾದಾಗ ಅದನ್ನು ಹೇಳಿಕೊಳ್ಳುತ್ತಿದ್ದರು. ಬರೀ ಕವಿತೆಯೆಂದುಕೊಂಡು ಹೇಳುತ್ತಿದ್ದದ್ದು ತಮಗರಿಯದೆ ಪ್ರಾರ್ಥನೆಯಾಗಿತ್ತು ಎಂದು ಮುಂದೆ ಅವರೇ ಬರೆದರು.

ಹರ್ಬರ್ಟ್‌ನನ್ನು ಓದಲು ಅವನ ನಂಬಿಕೆ ನಮ್ಮದಾಗಬೇಕಿಲ್ಲ. ಕೊಡುವುದಕ್ಕಿಂತ ಪಡೆಯುವುದು ಯಾಕೆ ಕಷ್ಟ ಎಂದು ಒಮ್ಮೆಯಾದರೂ ಕೇಳಿಕೊಂಡವರಿಗೆ ಈ ಕವಿತೆಗಳು ಹತ್ತಿರವಾಗುತ್ತವೆ.