ಬೆಕ್ಕಿನ ತಟ್ಟೆಯಲ್ಲಿ ಒಣ ಆಹಾರವೋ, ತೇವದ ಆಹಾರವೋ? – ಒಂದು ವಿಮರ್ಶೆ

ಹಾಸನ ಜಿಲ್ಲೆಯ ಹಳ್ಳಿಮನೆಗಳಲ್ಲಿ ಬೆಕ್ಕಿಗೆ ಪ್ರತ್ಯೇಕ ಅಡುಗೆ ಎಂಬುದು ಇರಲಿಲ್ಲ. ರಾಗಿ, ಭತ್ತದ ಮೂಟೆಗಳಿದ್ದಲ್ಲಿ ಇಲಿ ಇರುತ್ತಿತ್ತು, ಇಲಿ ಇದ್ದಲ್ಲಿ ಬೆಕ್ಕು. ಮನೆಯವರು ಹಾಕುತ್ತಿದ್ದ ಹಾಲು-ಅನ್ನ ಮೇಲಿನ ಉಪಚಾರ ಮಾತ್ರ. ಈಗ ಚಿತ್ರ ಬದಲಾಗಿದೆ. ಹಾಸನ ನಗರದ ಮಹಡಿ ಮನೆಗಳಲ್ಲಿ ಮಾತ್ರವಲ್ಲ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಂತಹ ತಾಲ್ಲೂಕು ಕೇಂದ್ರಗಳಲ್ಲೂ ಬಾಗಿಲೊಳಗೇ ಬೆಳೆಯುವ ಬೆಕ್ಕುಗಳಿವೆ. ಅವುಗಳಿಗೆ ಇಲಿ ಸಿಗುವುದಿಲ್ಲ, ಪೊಟ್ಟಣ ಸಿಗುತ್ತದೆ. ಆಗ ಪ್ರಶ್ನೆ ಏಳುತ್ತದೆ: ಗರಿಗರಿಯಾದ ಒಣ ಕಾಳಿನ ಆಹಾರ ಒಳ್ಳೆಯದೋ, ಡಬ್ಬಿ ಅಥವಾ ಪೌಚಿನಲ್ಲಿ ಬರುವ ತೇವದ ಆಹಾರ ಒಳ್ಳೆಯದೋ?

ಎರಡೂ ಪಕ್ಷಗಳ ವಾದಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿ ಹರಿದಾಡುತ್ತವೆ. ಅವುಗಳಲ್ಲಿ ಯಾವುದು ಪರೀಕ್ಷೆಗೆ ನಿಲ್ಲುತ್ತದೆ ಎಂದು ನೋಡುವುದು ಈ ಲೇಖನದ ಉದ್ದೇಶ. ಮೊದಲಿಗೆ ಒಂದು ಪದದ ಸ್ಪಷ್ಟನೆ. ‘ಹಸಿ ಆಹಾರ’ ಎಂದರೆ ನಮ್ಮಲ್ಲಿ ಬೇಯಿಸದ ಆಹಾರ ಎಂಬ ಅರ್ಥವೂ ಇದೆ. ಡಬ್ಬಿಯ ಆಹಾರ ಬೆಂದದ್ದೇ, ಮೊಹರು ಹಾಕಿ ಸುಮಾರು 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕ್ರಿಮಿಶುದ್ಧಿ ಮಾಡಿದ್ದು. ಆದ್ದರಿಂದ ಇಲ್ಲಿ ‘ತೇವದ ಆಹಾರ’ ಎಂದೇ ಬಳಸಿದೆ.

ಪೊಟ್ಟಣದ ಶೇಕಡಾವಾರು

ಮೊದಲ ವಾದ: ‘ಒಣ ಆಹಾರದಲ್ಲಿ ಪ್ರೋಟೀನು ಶೇ. 32, ಪೌಚಿನಲ್ಲಿ ಬರೀ ಶೇ. 9. ಆದ್ದರಿಂದ ಒಣ ಆಹಾರವೇ ಪುಷ್ಟಿಕರ.’ ಇದು ಸರಳವಾದ ತಪ್ಪು ಹೋಲಿಕೆ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಣ ಆಹಾರದ ತೇವಾಂಶ ಶೇ. 10 ಆದರೆ 100 ಗ್ರಾಮಿನಲ್ಲಿ ಒಣ ಪದಾರ್ಥ 90 ಗ್ರಾಂ. ಅದರಲ್ಲಿ 32 ಗ್ರಾಂ ಪ್ರೋಟೀನು, ಅಂದರೆ ಸುಮಾರು ಶೇ. 36. ಪೌಚಿನ ತೇವಾಂಶ ಶೇ. 82 ಆದರೆ ಒಣ ಪದಾರ್ಥ 18 ಗ್ರಾಂ. ಅದರಲ್ಲಿ 9 ಗ್ರಾಂ ಪ್ರೋಟೀನು, ಅಂದರೆ ಶೇ. 50. ನೀರನ್ನು ಬದಿಗಿಟ್ಟ ಕೂಡಲೇ ತಕ್ಕಡಿ ತಿರುಗಿತು.

ಆದರೆ ಇಷ್ಟಕ್ಕೇ ತೇವದ ಆಹಾರದ ಪಕ್ಷದವರು ಗೆದ್ದೆವೆಂದುಕೊಳ್ಳಬಾರದು. ಪೊಟ್ಟಣದ ಮೇಲೆ ಮುದ್ರಿಸುವುದು ‘ಕನಿಷ್ಠ’ ಪ್ರೋಟೀನು ಮತ್ತು ‘ಗರಿಷ್ಠ’ ತೇವಾಂಶ. ಅವು ಮಿತಿಗಳು, ಅಳತೆಗಳಲ್ಲ. ಪೌಚಿನ ನಿಜವಾದ ತೇವಾಂಶ 82ರ ಬದಲು 78 ಇದ್ದರೆ ಒಣ ಪದಾರ್ಥ 22 ಗ್ರಾಂ ಆಗಿ, ಪ್ರೋಟೀನು ಶೇ. 50ರಿಂದ ಶೇ. 41ಕ್ಕೆ ಇಳಿಯುತ್ತದೆ. ಒಣ ಆಹಾರದಲ್ಲಿ ಅಷ್ಟೇ ವ್ಯತ್ಯಾಸ ಬಂದರೆ, ಅಂದರೆ ತೇವಾಂಶ 10ರ ಬದಲು 6 ಇದ್ದರೆ, ಉತ್ತರ 36ರಿಂದ 34ಕ್ಕೆ ಮಾತ್ರ ಸರಿಯುತ್ತದೆ. ಛೇದ ಚಿಕ್ಕದಾದಾಗ ಅದರಲ್ಲಿನ ಸಣ್ಣ ದೋಷ ಉತ್ತರದಲ್ಲಿ ದೊಡ್ಡದಾಗುತ್ತದೆ ಎಂದು ನಾವು ಪ್ರಯೋಗಶಾಲೆಯಲ್ಲಿ ಹೇಳಿಕೊಡುವ ಪಾಠವೇ ಇದು. ಶಕ್ತಿಯ ಮೌಲ್ಯ ಮುದ್ರಿತವಾಗಿದ್ದರೆ ಪ್ರತಿ 100 ಕಿಲೋಕ್ಯಾಲರಿಗೆ ಎಷ್ಟು ಪ್ರೋಟೀನು ಎಂದು ಲೆಕ್ಕ ಹಾಕುವುದು ಹೆಚ್ಚು ನಂಬಲರ್ಹ.

‘ಬಾಯಾರಿದರೆ ಕುಡಿಯುತ್ತದೆ’

ಎರಡನೆಯ ವಾದ: ‘ಪಕ್ಕದಲ್ಲಿ ನೀರಿಟ್ಟರೆ ಸಾಕು, ಬೇಕಾದಷ್ಟು ಕುಡಿದುಕೊಳ್ಳುತ್ತದೆ.’ ನಾಯಿಯ ಬಗ್ಗೆ ಇದನ್ನು ಬಹುಮಟ್ಟಿಗೆ ಒಪ್ಪಬಹುದು. ಬೆಕ್ಕಿನ ಬಗ್ಗೆ ಪೂರ್ತಿ ಒಪ್ಪಲಾಗದು. ಮನೆಬೆಕ್ಕಿನ ಪೂರ್ವಜ ಫೆಲಿಸ್ ಲಿಬಿಕಾ ಎಂಬ ಕಾಡುಬೆಕ್ಕು, ಒಣ ಪ್ರದೇಶಗಳ ಪ್ರಾಣಿ. ಅದರ ಬೇಟೆಯಾದ ಇಲಿಯ ದೇಹದಲ್ಲಿ ಸುಮಾರು ಶೇ. 70 ನೀರೇ. ಊಟದಲ್ಲೇ ನೀರು ಸಿಗುತ್ತಿದ್ದುದರಿಂದ ಅದಕ್ಕೆ ಬಾಯಾರಿಕೆಯ ಪ್ರೇರಣೆ ಮಂದವಾಗಿದೆ. ಪ್ರತಿಯಾಗಿ, ಮನುಷ್ಯನಿಗಿಂತ ಎರಡು ಪಟ್ಟಿಗೂ ಹೆಚ್ಚು ಸಾಂದ್ರವಾದ ಮೂತ್ರವನ್ನು ತಯಾರಿಸುವ ಶಕ್ತಿ ಅದರ ಮೂತ್ರಪಿಂಡಗಳಿಗಿದೆ.

ಲೆಕ್ಕ ಮಾಡೋಣ. 4 ಕಿಲೋಗ್ರಾಂ ತೂಕದ, ಮನೆಯೊಳಗಿನ ಬೆಕ್ಕಿಗೆ ದಿನಕ್ಕೆ ಸುಮಾರು 200 ಕಿಲೋಕ್ಯಾಲರಿ ಬೇಕು. ಒಣ ಆಹಾರ ಗ್ರಾಮಿಗೆ ಸುಮಾರು 4 ಕಿಲೋಕ್ಯಾಲರಿ ಕೊಡುವುದರಿಂದ 50 ಗ್ರಾಂ ಸಾಕು. ಅದರಲ್ಲಿ ಬರುವ ನೀರು 4-5 ಮಿಲಿಲೀಟರ್. ತೇವದ ಆಹಾರ ಗ್ರಾಮಿಗೆ ಸುಮಾರು 1 ಕಿಲೋಕ್ಯಾಲರಿ; 200 ಗ್ರಾಂ ಬೇಕು, ಅದರಲ್ಲಿ ನೀರು ಸುಮಾರು 160 ಮಿಲಿಲೀಟರ್. ಎರಡರಲ್ಲೂ ಆಹಾರ ದೇಹದಲ್ಲಿ ದಹಿಸುವಾಗ ಹುಟ್ಟುವ ನೀರು 20-25 ಮಿಲಿಲೀಟರ್ ಮಾತ್ರ. ಹಾಗಾದರೆ ಒಣ ಆಹಾರದ ಬೆಕ್ಕು ಸಮನಾಗಲು ದಿನಕ್ಕೆ ಇನ್ನೂ 155 ಮಿಲಿಲೀಟರಿನಷ್ಟು ನೀರನ್ನು ನಾಲಿಗೆಯಿಂದ ನೆಕ್ಕಿ ಕುಡಿಯಬೇಕು. ಒಣ ಆಹಾರ ತಿನ್ನುವ ಬೆಕ್ಕು ಹೆಚ್ಚು ನೀರು ಕುಡಿಯುವುದು ನಿಜ. ಆದರೂ ಊಟ ಮತ್ತು ಬಟ್ಟಲು ಎರಡನ್ನೂ ಕೂಡಿಸಿ ಅಳೆದಾಗ ಸಾಮಾನ್ಯವಾಗಿ ಅದರ ಒಟ್ಟು ನೀರು ಕಡಿಮೆಯೇ.

ಇದರಿಂದ ಆಗುವುದೇನು? ಮೂತ್ರದಲ್ಲಿ ಕರಗಿರುವ ಲವಣಗಳು ಸಾಂದ್ರವಾಗುತ್ತವೆ. ಬೆಕ್ಕಿನಲ್ಲಿ ಕಾಣುವ ಹರಳುಗಳಲ್ಲಿ ಒಂದು ಸ್ಟ್ರುವೈಟ್, ಅಂದರೆ ಮೆಗ್ನೀಸಿಯಂ ಅಮೋನಿಯಂ ಫಾಸ್ಫೇಟ್. ಮೂರು ಅಯಾನುಗಳು ಕೂಡಿದರೆ ಈ ಹರಳು. ಪಿಯುಸಿ ವಿದ್ಯಾರ್ಥಿಗಳಿಗೆ ಪರಿಚಿತವಾದ ಕರಗುವಿಕೆಯ ಗುಣಲಬ್ಧವನ್ನು ನೆನಪಿಸಿಕೊಳ್ಳಿ. ಮೂತ್ರದ ಪ್ರಮಾಣ ಎರಡರಷ್ಟಾದರೆ ಪ್ರತಿ ಅಯಾನಿನ ಸಾಂದ್ರತೆ ಅರ್ಧ. ಮೂರರ ಗುಣಲಬ್ಧ ಎಂಟನೇ ಒಂದು ಭಾಗ. ಕ್ಯಾಲ್ಸಿಯಂ ಆಕ್ಸಲೇಟ್‌ನಲ್ಲಿ ಎರಡೇ ಅಯಾನುಗಳು. ಅಲ್ಲಿ ಗುಣಲಬ್ಧ ನಾಲ್ಕನೇ ಒಂದು ಭಾಗ. ಇದು ಸರಳೀಕರಿಸಿದ ಲೆಕ್ಕ. ಪಿಎಚ್ ಮತ್ತಿತರ ಅಂಶಗಳೂ ಸೇರುತ್ತವೆ. ಆದರೂ ನೀರು ಏಕೆ ಮುಖ್ಯ ಎಂಬುದನ್ನು ಅದು ಸ್ಪಷ್ಟಪಡಿಸುತ್ತದೆ.

ಕೇವಲ ಮೂತ್ರವನ್ನು ಆಮ್ಲೀಯಗೊಳಿಸುವ ಉಪಾಯದ ಮಿತಿಯನ್ನೂ ಇತಿಹಾಸ ತೋರಿಸಿದೆ. 1980ರ ದಶಕದ ನಂತರ ತಯಾರಕರು ಮೆಗ್ನೀಸಿಯಂ ತಗ್ಗಿಸಿ, ಮೂತ್ರವನ್ನು ಆಮ್ಲೀಯಗೊಳಿಸುವ ಆಹಾರ ತಂದರು. ಸ್ಟ್ರುವೈಟ್ ಕಡಿಮೆಯಾಯಿತು, ಆದರೆ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲುಗಳ ಪಾಲು ಏರಿತು. ನೀರು ಹೆಚ್ಚಿಸುವುದು ಮಾತ್ರ ಎರಡಕ್ಕೂ ಸಲ್ಲುವ ಉಪಾಯ.

ಹಲ್ಲಿನ ವಾದ

ಗರಿಗರಿ ಕಾಳು ಹಲ್ಲನ್ನು ಉಜ್ಜುತ್ತದೆ ಎಂಬ ಮಾತು ಕೇಳಲು ಹಿತವಾಗಿದೆ. ಆದರೆ ಬೆಕ್ಕಿನ ಹಲ್ಲು ಅರೆಯುವುದಕ್ಕಲ್ಲ, ಸೀಳುವುದಕ್ಕೆ ರೂಪುಗೊಂಡದ್ದು. ಸಾಮಾನ್ಯ ಕಾಳು ಹಲ್ಲಿನ ತುದಿ ತಾಗಿದೊಡನೆ ಪುಡಿಯಾಗುತ್ತದೆ ಅಥವಾ ಇಡಿಯಾಗಿ ನುಂಗಲ್ಪಡುತ್ತದೆ. ಒಸಡಿನ ಅಂಚಿನ ಕೊಳೆಗೆ ಅದು ತಲುಪುವುದು ಅಲ್ಪ. ದೊಡ್ಡ ಗಾತ್ರದ, ನಾರಿನ ಹೆಣಿಗೆಯಿರುವ ವಿಶೇಷ ದಂತ ಆಹಾರಗಳ ವಿಷಯ ಬೇರೆ. ಆ ಗುಣವನ್ನು ಎಲ್ಲ ಒಣ ಆಹಾರಕ್ಕೂ ಹಂಚುವುದು ಸರಿಯಲ್ಲ.

ಎದುರು ಪಕ್ಷದ ಅತಿರೇಕ

ಇನ್ನು ‘ಒಣ ಆಹಾರವೆಂದರೆ ವಿಷ’ ಎನ್ನುವವರು. ಒಣ ಆಹಾರವನ್ನೇ ತಿಂದು ಆರೋಗ್ಯದಿಂದ ದೀರ್ಘಕಾಲ ಬಾಳಿದ ಬೆಕ್ಕುಗಳು ಬಹಳ. ಮುಪ್ಪಿನಲ್ಲಿ ಬರುವ ಮೂತ್ರಪಿಂಡದ ಕಾಯಿಲೆಗೆ ಒಣ ಆಹಾರವೇ ಕಾರಣವೆಂದು ಸಿದ್ಧವಾಗಿಲ್ಲ. ಕಾರಣ ತಿಳಿಯದ ಮೂತ್ರಕೋಶದ ಉರಿಯೂತವಿದ್ದ ಬೆಕ್ಕುಗಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ತೇವದ ಆಹಾರದವುಗಳಲ್ಲಿ ಶೇ. 11, ಒಣ ಆಹಾರದವುಗಳಲ್ಲಿ ಶೇ. 39. ಗಮನಾರ್ಹ ವ್ಯತ್ಯಾಸವೇ. ಆದರೆ ಅಲ್ಲಿದ್ದದ್ದು ನೂರಕ್ಕಿಂತ ಕಡಿಮೆ ಬೆಕ್ಕುಗಳು, ಅವೂ ಈಗಾಗಲೇ ರೋಗ ಕಂಡವು. ಅದರ ಫಲಿತಾಂಶವನ್ನು ಆರೋಗ್ಯವಂತ ಬೆಕ್ಕುಗಳಿಗೆಲ್ಲ ಹಾಗೆಯೇ ಅನ್ವಯಿಸಲಾಗದು.

ತೇವದ ಆಹಾರಕ್ಕೂ ತೊಡಕುಗಳಿವೆ. ತೆರೆದಿಟ್ಟ ಪೌಚು ನಮ್ಮ ಬೇಸಿಗೆಯಲ್ಲಿ ಗಂಟೆಗಳೊಳಗೆ ಕೆಡುತ್ತದೆ. ಒಣ ಆಹಾರ ಕೆಡದಿರಲು ಕಾರಣ ಅದರಲ್ಲಿ ಸೂಕ್ಷ್ಮಜೀವಿಗಳ ಬಳಕೆಗೆ ಸಿಗುವ ನೀರು ತೀರ ಕಡಿಮೆಯಿರುವುದು. ನಾಲ್ಕು ಪಟ್ಟು ತೂಕ ಕೊಳ್ಳಬೇಕಾದ್ದರಿಂದ ಖರ್ಚೂ ಹೆಚ್ಚು. ಇನ್ನೊಂದೆಡೆ, ದಿನವಿಡೀ ತುಂಬಿಟ್ಟ ಒಣ ಆಹಾರದ ತಟ್ಟೆ ಬೊಜ್ಜಿಗೆ ದಾರಿ. ದಿನಕ್ಕೆ 10 ಗ್ರಾಂ ಹೆಚ್ಚಾದರೂ ಅದು ಬೆಕ್ಕಿನ ಅಗತ್ಯದ ಐದನೇ ಒಂದು ಭಾಗ.

ಹಾಲು-ಅನ್ನದ ಪ್ರಶ್ನೆ

ನಮ್ಮ ಜಿಲ್ಲೆಯಲ್ಲಿ ಒಣ-ತೇವದ ಚರ್ಚೆಗಿಂತ ದೊಡ್ಡ ಅಪಾಯ ಬೇರೆಡೆ ಇದೆ. ಇಲಿ ಹಿಡಿಯಲಾಗದ ಬೆಕ್ಕಿಗೆ ಹಾಲು-ಅನ್ನ, ಮೊಸರನ್ನವನ್ನೇ ಪೂರ್ಣ ಊಟವಾಗಿಸುವುದು. ಅದು ತೇವವೂ ಹೌದು, ಮೆತ್ತಗೂ ಹೌದು, ಆದರೆ ಸಾಲದು. ಬೆಕ್ಕಿನ ದೇಹ ಟಾರಿನ್ ಎಂಬ ಅಮೈನೋ ಆಮ್ಲವನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು. ಕ್ಯಾರೋಟಿನ್‌ನಿಂದ ‘ಎ’ ಜೀವಸತ್ವವನ್ನೂ ಮಾಡಿಕೊಳ್ಳಲಾರದು. ಟಾರಿನ್ ಕೊರತೆಯಿಂದ ಅಕ್ಷಿಪಟಲ ಹಾಳಾಗುವುದನ್ನು 1975ರಲ್ಲಿ, ಹೃದಯದ ಸ್ನಾಯು ದುರ್ಬಲವಾಗುವುದನ್ನು 1987ರಲ್ಲಿ ವಿಜ್ಞಾನಿಗಳು ತೋರಿಸಿದರು. 1987ರ ಬೆಕ್ಕುಗಳಲ್ಲಿ ಹಲವು ತಿನ್ನುತ್ತಿದ್ದುದು ಮಾರುಕಟ್ಟೆಯ ಸಿದ್ಧ ಆಹಾರವನ್ನೇ. ಆಮೇಲೆ ತಯಾರಕರು ಟಾರಿನ್ ಹೆಚ್ಚಿಸಿದರು. ಇಂದು ಅಮೆರಿಕದ ಮಾನದಂಡದಲ್ಲಿ ಒಣ ಪದಾರ್ಥದ ಆಧಾರದ ಮೇಲೆ ಕಾಳಿನ ಆಹಾರಕ್ಕೆ ಶೇ. 0.1, ಡಬ್ಬಿಯದಕ್ಕೆ ಶೇ. 0.2 ಟಾರಿನ್ ಕನಿಷ್ಠ ಮಿತಿ.

ಕೆರೆ ಮೀನು ಹಾಕುವವರು ಬೇಯಿಸಿ ಹಾಕಬೇಕು. ಸಾಮಾನ್ಯ ಗೆಂಡೆಯಂತಹ ಹಸಿ ಮೀನಿನಲ್ಲಿ ‘ಬಿ1’ ಜೀವಸತ್ವವನ್ನು ನಾಶಮಾಡುವ ಕಿಣ್ವವಿದೆ. ಶಾಖಕ್ಕೆ ಅದು ನಿಷ್ಕ್ರಿಯವಾಗುತ್ತದೆ.

ಹಾಗಾದರೆ ತೀರ್ಮಾನ?

ಮೊದಲು ನೋಡಬೇಕಾದ್ದು ಆಹಾರ ‘ಸಂಪೂರ್ಣ ಮತ್ತು ಸಮತೋಲಿತ’ವೇ ಎಂಬುದನ್ನು, ಒಣವೋ ತೇವವೋ ಎಂಬುದು ಆಮೇಲೆ. ಎರಡನೆಯದು ನೀರು. ಮೂತ್ರದ ತೊಂದರೆ ಒಮ್ಮೆ ಬಂದಿದ್ದರೆ ತೇವದ ಆಹಾರದ ಕಡೆಗೆ ತೂಕ ಹೆಚ್ಚು. ಅದು ಕೈಗೆಟುಕದಿದ್ದರೆ ಒಣ ಕಾಳನ್ನು ಅಳೆದು, ಎರಡು ಪಟ್ಟು ಬಿಸಿ ನೀರಲ್ಲಿ ನೆನೆಸಿ, ಆರಿಸಿ ಕೊಟ್ಟು, ಉಳಿದದ್ದನ್ನು ಸ್ವಲ್ಪ ಹೊತ್ತಿನಲ್ಲೇ ತೆಗೆದುಬಿಡಬಹುದು. 50 ಗ್ರಾಮಿಗೆ 100 ಮಿಲಿಲೀಟರ್ ನೀರು ಅಲ್ಲೇ ಸೇರಿತು. ನೀರಿನ ಬಟ್ಟಲುಗಳನ್ನು ಮನೆಯ ಎರಡು ಮೂರು ಕಡೆ ಇಡುವುದೂ ಒಳ್ಳೆಯದು.

ಒಂದು ಎಚ್ಚರಿಕೆಯನ್ನು ಎಲ್ಲ ಸಾಕುವವರೂ ತಿಳಿದಿರಬೇಕು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ನಯವಾಗಿ ಹರಿಯುವ ದ್ರವದ ಹರಿವು ನಳಿಗೆಯ ತ್ರಿಜ್ಯದ ನಾಲ್ಕನೇ ಘಾತವನ್ನು ಅವಲಂಬಿಸುವುದರಿಂದ, ತ್ರಿಜ್ಯ ಅರ್ಧವಾದರೆ ಹರಿವು ಹದಿನಾರನೇ ಒಂದು ಭಾಗ. ಬೆಕ್ಕು ಮತ್ತೆ ಮತ್ತೆ ಕುಳಿತು ತಿಣುಕಿದರೂ ಹನಿ ಬಾರದಿದ್ದರೆ ಮಲಬದ್ಧತೆಯೆಂದು ಎಣ್ಣೆ ಕುಡಿಸುತ್ತ ಕೂರಬಾರದು. ರಕ್ತದಲ್ಲಿ ಪೊಟ್ಯಾಸಿಯಂ ಏರಿ, ಎರಡು ಮೂರು ದಿನಗಳಲ್ಲೇ ಹೃದಯ ನಿಲ್ಲಬಹುದು. ಆ ದಿನವೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಹಾಸನದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೇ ಇದೆ.

ಶಿಕ್ಷಕರಿಗೆ ಒಂದು ಸೂಚನೆ. ಎರಡೂ ಬಗೆಯ ಆಹಾರವನ್ನು 20-20 ಗ್ರಾಂ ತೂಗಿ, ಒಣಗಿಸುವ ಒಲೆಯಲ್ಲಿ 105 ಡಿಗ್ರಿಯಲ್ಲಿ ತೂಕ ಸ್ಥಿರವಾಗುವವರೆಗೆ ಇಟ್ಟು ಮತ್ತೆ ತೂಗಿಸಿ. ತೇವಾಂಶವನ್ನು ವಿದ್ಯಾರ್ಥಿಗಳೇ ಕಂಡುಹಿಡಿದು ಪೊಟ್ಟಣದ ಮೇಲಿನ ಮಿತಿಯೊಂದಿಗೆ ಹೋಲಿಸಲಿ. ಅಳೆದ ತೇವಾಂಶದಿಂದ ಪ್ರೋಟೀನಿನ ಶೇಕಡಾವಾರನ್ನು ಮತ್ತೊಮ್ಮೆ ಲೆಕ್ಕ ಹಾಕಿ, ಮುದ್ರಿತ ಸಂಖ್ಯೆ ಎಷ್ಟು ಹೇಳುತ್ತದೆ, ಎಷ್ಟು ಬಿಡುತ್ತದೆ ಎಂಬುದನ್ನು ಅವರೇ ಬರೆಯಲಿ.